ದಿನಕ್ಕೊಂದು ಶಬ್ದ: ಇಂಗ್ಲಿಷ್ ಶಬ್ದಸಂಪಾದನೆಯ ಒಂದು ಪದ್ಧತಿಯ ವಿಮರ್ಶೆ

ಪ್ರತಿದಿನವೂ ಒಂದೊಂದು ಹೊಸ ಇಂಗ್ಲಿಷ್ ಶಬ್ದವನ್ನು ಅರ್ಥಸಹಿತವಾಗಿ ಕಂಠಪಾಠ ಮಾಡಿದರೆ ಆ ಭಾಷೆಯ ಮೇಲೆ ಪ್ರಭುತ್ವವು ತಾನಾಗಿಯೇ ಒದಗುವುದೆಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿದೆ. ಕೊಡಗಿನ ಮಟ್ಟಿಗೆ ಈ ನಂಬಿಕೆಯ ಪರಾಮರ್ಶೆ ವಿಶೇಷವಾಗಿ ಅವಶ್ಯಕ. ಮನೆಯಲ್ಲಿ ಕೊಡವ, ಅರೆಭಾಷೆ, ತುಳು ಅಥವಾ ಮಲಯಾಳವನ್ನಾಡಿ, ಶಾಲೆಯಲ್ಲಿ ಕನ್ನಡದ ಮೂಲಕ ಓದಿದ ವಿದ್ಯಾರ್ಥಿಗೆ ಇಂಗ್ಲಿಷು ಮೂರನೆಯ ಭಾಷೆ. ಆದರೆ ಅವನ ನಾಡಿನ ಹತ್ತೊಂಬತ್ತನೆಯ ಶತಮಾನದ ಚರಿತ್ರೆಗೆ ಸಂಬಂಧಿಸಿದ ಆಧಾರಗಳಲ್ಲಿ ಬಹುಭಾಗ ಇರುವುದು ಆ ಮೂರನೆಯ ಭಾಷೆಯಲ್ಲಿಯೇ. ಆದಕಾರಣ ಶಬ್ದಗಳನ್ನು ಕಲಿಯುವ ಕ್ರಮ ಯಾವುದಿರಬೇಕೆಂಬುದು ಇಂಗ್ಲಿಷ್ ಅಧ್ಯಾಪಕರೊಬ್ಬರಿಗೇ ಬಿಟ್ಟ ಪ್ರಶ್ನೆಯಲ್ಲ. ಚರಿತ್ರೆಯ ಅಧ್ಯಾಪಕರಾದ ನಮಗೂ ಸೇರಿದ್ದು.

ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಮುಖ್ಯವಾಗಿ ಅಮೆರಿಕದ ಲೇಖಕರು. ವಿಲ್ಫ್ರೆಡ್ ಫಂಕ್ ಮತ್ತು ನಾರ್ಮನ್ ಲೂಯಿಸ್ ಇವರು ಮೂವತ್ತು ದಿನಗಳಲ್ಲಿ ಶಬ್ದಶಕ್ತಿಯನ್ನು ಹೆಚ್ಚಿಸಿಕೊಳ್ಳುವ ಗ್ರಂಥವೊಂದನ್ನು 1942ರಲ್ಲಿ ಪ್ರಕಟಿಸಿದರು. 1945ರಿಂದ ಫಂಕ್ ಅವರ ಶಬ್ದಪರೀಕ್ಷೆಗಳು 'ರೀಡರ್ಸ್ ಡೈಜೆಸ್ಟ್' ಪತ್ರಿಕೆಯಲ್ಲಿ ಬರತೊಡಗಿದವು. 1949ರಲ್ಲಿ ಹೊರಬಂದ ಲೂಯಿಸ್ ಅವರ 'ವರ್ಡ್ ಪವರ್ ಮೇಡ್ ಈಸಿ' ಇಂದಿಗೂ ನಮ್ಮ ಪುಸ್ತಕದ ಅಂಗಡಿಗಳಲ್ಲಿ ದೊರೆಯುತ್ತದೆ.

ಈ ಗ್ರಂಥಗಳ ಗುಣವನ್ನು ಮೊದಲು ಹೇಳುವುದು ನ್ಯಾಯ. ಲೂಯಿಸ್ ಶಬ್ದಗಳನ್ನು ಮನಬಂದಂತೆ ಪೇರಿಸಿಲ್ಲ. ಲ್ಯಾಟಿನ್ ಮತ್ತು ಗ್ರೀಕ್ ಮೂಲಗಳನ್ನು ಹಿಡಿದು ಕುಟುಂಬ ಕುಟುಂಬವಾಗಿ ಜೋಡಿಸಿದ್ದಾರೆ. 'ಕೃ' ಧಾತುವನ್ನು ಬಲ್ಲವನಿಗೆ ಕೃತಿ, ಕರ್ತೃ, ಕಾರ್ಯ, ಕಾರಣಗಳ ನಂಟು ಹೇಗೆ ಸುಲಭವಾಗಿ ತಿಳಿಯುವುದೋ ಹಾಗೆಯೇ ಇಲ್ಲಿಯೂ. ನಿತ್ಯಾಭ್ಯಾಸದ ಶಿಸ್ತೂ ಪ್ರಶಂಸನೀಯವೇ. ಆದರೆ ಇವು ಇಂಗ್ಲಿಷನ್ನೇ ಆಡಿ ಬೆಳೆದ, ಸಾಮಾನ್ಯ ಶಬ್ದಗಳನ್ನು ಆಗಲೇ ಬಲ್ಲ ಓದುಗರನ್ನು ಮುಖ್ಯವಾಗಿ ಲಕ್ಷ್ಯದಲ್ಲಿಟ್ಟು ರಚಿತವಾದವು. ನಮ್ಮಲ್ಲಿ ಮೂಲದ ಜೋಡಣೆಯೂ ಬಿಟ್ಟುಹೋಗಿ, ಎಡಗಡೆ ಒಂದು ಅಪರೂಪದ ಶಬ್ದ, ಬಲಗಡೆ ಅದಕ್ಕೊಂದು ಕನ್ನಡ ಪರ್ಯಾಯ, ಇಷ್ಟೇ ಉಳಿದಿದೆ. ನಮ್ಮ ಆಕ್ಷೇಪಣೆ ಹೀಗೆ ಉಳಿದ ರೂಪಕ್ಕೆ.

ಲೆಕ್ಕದ ದೃಷ್ಟಿಯಿಂದಲೇ ಮೊದಲು ನೋಡೋಣ. ವೃತ್ತಪತ್ರಿಕೆ, ಕಾದಂಬರಿಗಳನ್ನು ಸಹಾಯವಿಲ್ಲದೆ ಓದಲು ಎಂಟರಿಂದ ಒಂಬತ್ತು ಸಾವಿರ ಶಬ್ದಕುಟುಂಬಗಳ ಪರಿಚಯ ಬೇಕೆಂದು ಭಾಷಾತಜ್ಞರಾದ ಪಾಲ್ ನೇಷನ್ 2006ರಲ್ಲಿ ಅಂದಾಜು ಮಾಡಿದ್ದಾರೆ. ದಿನಕ್ಕೊಂದರಂತೆ ವರ್ಷಕ್ಕೆ 365. ಎಂಟು ಸಾವಿರಕ್ಕೆ ಸುಮಾರು 22 ವರ್ಷ. ಅದೂ ಕಲಿತದ್ದೊಂದೂ ಮರೆಯದಿದ್ದರೆ! ಅರ್ಥವಿಲ್ಲದ ಅಕ್ಷರಸಮೂಹಗಳನ್ನು ತಾವೇ ಬಾಯಿಪಾಠ ಮಾಡಿ ಪರೀಕ್ಷಿಸಿದ ಜರ್ಮನಿಯ ಎಬಿಂಗ್‌ಹೌಸ್, ಕಲಿತದ್ದರಲ್ಲಿ ಹೆಚ್ಚಿನ ಪಾಲು ಒಂದು ದಿನದೊಳಗೇ ಜಾರಿಹೋಗುವುದನ್ನು 1885ರಲ್ಲಿಯೇ ತೋರಿಸಿದ್ದರು. ಸಂದರ್ಭವಿಲ್ಲದ ಶಬ್ದವು ಕಲಿಯುವವನಿಗೆ ಇಂಥ ಅಕ್ಷರಸಮೂಹಕ್ಕಿಂತ ಬಹಳ ಮೇಲಿನದಲ್ಲ.

ಹಾಗಾದರೆ ಪರಭಾಷೆಯ ಶಬ್ದ ಮನಸ್ಸಿನಲ್ಲಿ ನಿಲ್ಲುವುದು ಹೇಗೆ? ಇದಕ್ಕೆ ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಮಡಿಕೇರಿಯ ಬಳಿ ಫೌಲರ್ ಎಂಬ ಐರೋಪ್ಯನು 1854ರಲ್ಲಿ ಕಾಫಿ ತೋಟವನ್ನು ತೆರೆದಂದಿನಿಂದ ಕೊಡಗಿನ ತೋಟಗಳಲ್ಲಿ ಇಂಗ್ಲಿಷ್ ಶಬ್ದಗಳು ನೆಲೆನಿಲ್ಲುತ್ತ ಬಂದಿವೆ. ಶಾಲೆಯ ಮೆಟ್ಟಿಲು ಹತ್ತದ ಕೂಲಿಯವರೂ 'ಪಾರ್ಚ್‌ಮೆಂಟ್' ಮತ್ತು 'ಚೆರಿ' ಇವುಗಳ ಭೇದವನ್ನು ತಪ್ಪದೆ ಹೇಳಬಲ್ಲರು. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಳಹೊಟ್ಟಿನೊಡನೆ ಒಣಗಿಸಿದ ಬೀಜ ಮೊದಲನೆಯದು. ಇಡಿಯ ಹಣ್ಣನ್ನೇ ಒಣಗಿಸಿದ್ದು ಎರಡನೆಯದು. ಪಟ್ಟಿಯನ್ನು ನೆಚ್ಚಿದವನಿಗಾದರೋ ಪಾರ್ಚ್‌ಮೆಂಟ್ ಎಂದರೆ ಚರ್ಮಪತ್ರ! 'ಬ್ಲಾಸಮ್ ಷವರ್' ಎಂಬುದಕ್ಕೆ ಹೂಮಳೆ ಎಂದು ಬರೆದುಕೊಂಡವನಿಗೂ, ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಆ ಮಳೆಗಾಗಿ ಆಕಾಶವನ್ನು ನೋಡುತ್ತ ಕುಳಿತವನಿಗೂ ಶಬ್ದ ಒಂದೇ ಆದರೂ ಜ್ಞಾನ ಒಂದೇ ಅಲ್ಲ.

'ರೈಟರ್' ಎಂಬ ಶಬ್ದ ಇನ್ನೂ ಸ್ವಾರಸ್ಯವಾದುದು. ಪಟ್ಟಿಯಲ್ಲಿ ಅದರ ಅರ್ಥ ಲೇಖಕ. ತೋಟದಲ್ಲಿ ಹಾಜರಿ ಹಿಡಿದು ಲೆಕ್ಕ ಬರೆಯುವವನು ರೈಟರು. ಈಸ್ಟ್ ಇಂಡಿಯಾ ಕಂಪೆನಿಯಲ್ಲಿ ಕಿರಿಯ ದರ್ಜೆಯ ಗುಮಾಸ್ತೆಯ ಹೆಸರೂ ಅದೇ. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗಿಗೆ ಹೆಸರು ಬಂದದ್ದು ಅವರಿಂದ. ಕಂಪೆನಿಯ ಕಾಲದ ಕಾಗದಪತ್ರಗಳಲ್ಲಿ ಈ ಶಬ್ದ ಎದುರಾದಾಗ ಪಟ್ಟಿ ಓದಿದ ವಿದ್ಯಾರ್ಥಿ ಸಾಹಿತಿಯೊಬ್ಬನನ್ನು ಊಹಿಸಿಕೊಳ್ಳುವನು. ತೋಟದ ಆಳು ಅದರ ಹಳೆಯ ಅರ್ಥಕ್ಕೆ ಹತ್ತಿರವಾಗಿರುವನು.

ಇಲ್ಲಿಯೇ ನಮ್ಮ ಮುಖ್ಯ ಆಕ್ಷೇಪಣೆ ಇದೆ. ಚರಿತ್ರೆಯ ವಿದ್ಯಾರ್ಥಿಯನ್ನು ಎಡವಿಸುವುವು ಕಠಿಣ ಶಬ್ದಗಳಲ್ಲ, ಬಲ್ಲೆನೆಂದು ಅವನು ಭಾವಿಸಿರುವ ಸುಲಭ ಶಬ್ದಗಳು. 'ರೆಸಿಡೆಂಟ್' ಎಂದರೆ ನಿವಾಸಿಯಲ್ಲ, ದೇಶೀಯ ಅರಸನ ಆಸ್ಥಾನದಲ್ಲಿದ್ದ ಕಂಪೆನಿಯ ಪ್ರತಿನಿಧಿ. 'ಮಿನಿಟ್' ನಿಮಿಷವಲ್ಲ, ಅಧಿಕಾರಿಯ ಲಿಖಿತ ಅಭಿಪ್ರಾಯ. 'ಸೆಟಲ್‌ಮೆಂಟ್' ಬಹುವೇಳೆ ಕಂದಾಯದ ನಿಷ್ಕರ್ಷೆ. 1834ರ ಏಪ್ರಿಲಿನಲ್ಲಿ ಚಿಕವೀರರಾಜೇಂದ್ರನು ಶರಣಾದ ಮೇಲೆ, ಮೇ ತಿಂಗಳಿನಲ್ಲಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯನ್ನೇ ತೆಗೆದುಕೊಳ್ಳಬಹುದು. ಅಲ್ಲಿ ಬರುವ 'ಪ್ರೊಟೆಕ್ಷನ್' ಎಂಬುದಕ್ಕೆ ರಕ್ಷಣೆ ಎಂಬ ಅರ್ಥ ಯಾರಿಗೆ ಗೊತ್ತಿಲ್ಲ? ಆದರೆ ಆ ರಕ್ಷಣೆಯ ಫಲವಾಗಿ ಒಂದು ರಾಜ್ಯವೇ ಇಲ್ಲವಾಗಿ ನಾಡು ಕಂಪೆನಿಯ ಆಳ್ವಿಕೆಗೆ ಸೇರಿತು. ಯಾರು, ಯಾರಿಗೆ, ಯಾವ ಪ್ರಯೋಜನಕ್ಕಾಗಿ ಆ ಶಬ್ದವನ್ನು ಬಳಸಿದರೆಂಬುದನ್ನು ವಿಚಾರಿಸದವನು ವಿಜೇತರ ಮಾತನ್ನೇ ಚರಿತ್ರೆಯೆಂದು ಒಪ್ಪಿಕೊಂಡುಬಿಡುವನು. ಕೊಡಗಿನ ವಿದ್ಯಾರ್ಥಿಗೆ ಇದು ಅಲ್ಪ ನಷ್ಟವಲ್ಲ.

ಸ್ಪರ್ಧಾ ಪರೀಕ್ಷೆಗಳಲ್ಲಿ ಸಮಾನಾರ್ಥಕ ಶಬ್ದಗಳನ್ನು ಕೇಳುವುದರಿಂದ ಪಟ್ಟಿಗಳು ಅನಿವಾರ್ಯವೆಂದು ಕೆಲವರು ವಾದಿಸಬಹುದು. ಪರೀಕ್ಷೆಯ ಮಟ್ಟಿಗೆ ಆ ವಾದವನ್ನು ನಾವು ನಿರಾಕರಿಸುವುದಿಲ್ಲ. ಆದರೆ ಅಂಕಗಳಿಕೆಯ ಉಪಾಯವನ್ನು ಭಾಷಾಶಿಕ್ಷಣವೆಂದು ಭ್ರಮಿಸಬಾರದು.

ಇದಕ್ಕಿಂತ ಮೇಲಾದ ಮಾರ್ಗವೊಂದು ನಮ್ಮ ದೇಶದ ಅನುಭವದಿಂದಲೇ ಹುಟ್ಟಿದೆ. ಢಾಕಾದಲ್ಲಿ ಅಧ್ಯಾಪನ ಮಾಡುತ್ತಿದ್ದ ಮೈಕೇಲ್ ವೆಸ್ಟ್, ಬಂಗಾಳದ ಬಾಲಕರಿಗೆ ಮೊದಲು ಬೇಕಾದುದು ಓದುವ ಶಕ್ತಿಯೆಂದು 1926ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಹೊಸ ಶಬ್ದಗಳನ್ನು ವಿರಳವಾಗಿ ಸೇರಿಸಿ, ಸೇರಿಸಿದ್ದನ್ನು ಮತ್ತೆ ಮತ್ತೆ ಎದುರಿಗೆ ತರುವ ವಾಚಕಗಳನ್ನು ರಚಿಸಿದರು. ಅತ್ಯಂತ ಬಳಕೆಯ ಸುಮಾರು ಎರಡು ಸಾವಿರ ಶಬ್ದಗಳ ಅವರ ಪಟ್ಟಿ 1953ರಲ್ಲಿ ಪ್ರಕಟವಾಯಿತು. ಅದೂ ಪಟ್ಟಿಯೇ ಆದರೂ ಅಪರೂಪವನ್ನಲ್ಲ, ಬಳಕೆಯನ್ನು ಅಳತೆಗೋಲಾಗಿ ಉಳ್ಳದ್ದು.

ಈ ತತ್ತ್ವವನ್ನು ನಮ್ಮ ತರಗತಿಗಳಿಗೆ ಅನ್ವಯಿಸುವುದು ಕಷ್ಟವಲ್ಲ. ದಿನಕ್ಕೊಂದು ಶಬ್ದದ ಬದಲಾಗಿ ವಾರಕ್ಕೊಂದು ಪುಟವನ್ನು ವಿದ್ಯಾರ್ಥಿಗೆ ಕೊಡಬೇಕು. ರಿಕ್ಟರ್ ಅವರು 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿಯಿಂದಲೇ ಅದನ್ನು ಆಯ್ದುಕೊಳ್ಳಬಹುದು. ತಿಳಿಯದ ಶಬ್ದವನ್ನು ಅದು ಬಂದ ಇಡೀ ವಾಕ್ಯದೊಡನೆ ಅವನು ಬರೆದುಕೊಳ್ಳಲಿ. ಬರೆದವರು ಯಾರು, ಯಾವ ವರ್ಷ ಎಂಬುದನ್ನು ಕೆಳಗೆ ನಮೂದಿಸಲಿ. ಕನ್ನಡದ ಅರ್ಥವನ್ನು ಕಡೆಗೆ ಸೇರಿಸಲಿ. ಅದೇ ಶಬ್ದ ಬೇರೊಂದು ಪುಟದಲ್ಲಿ ಸಿಕ್ಕಾಗ ಎರಡು ವಾಕ್ಯಗಳನ್ನೂ ಹೋಲಿಸಿ ನೋಡಲಿ. ವರ್ಷದ ಕೊನೆಗೆ ಅವನ ಪುಸ್ತಕದಲ್ಲಿ 365 ಶಬ್ದಗಳು ಇಲ್ಲದೆ ಹೋಗಬಹುದು. ಆದರೆ ತನ್ನ ನಾಡಿನ ಬಗೆಗೆ ಪರರು ಬರೆದಿಟ್ಟುದನ್ನು ಅವನು ತಾನಾಗಿಯೇ ಓದಿ, ಒಪ್ಪುವುದನ್ನು ಒಪ್ಪಿ, ಒಪ್ಪದುದನ್ನು ಪ್ರಶ್ನಿಸಬಲ್ಲವನಾಗುವನು. ನಮ್ಮ ವಿಭಾಗಗಳು ಅಪೇಕ್ಷಿಸಬೇಕಾದ ಶಬ್ದಶಕ್ತಿ ಇದೇ ಎಂದು ನಮ್ಮ ಅಭಿಪ್ರಾಯ.