ಗೇಣಿನಿಂದ ಮೀಟರಿಗೆ, ಆಮೇಲೆ?

ಅಳತೆಯ ಪಾಠಕ್ಕೆ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಒಂದು ಸವೆದ ದಾರಿಯಿದೆ. ಮೊದಲು ಗೇಣು, ಮೊಳ, ಹೆಜ್ಜೆ; ಇಬ್ಬರ ಗೇಣು ಒಂದೇ ಅಲ್ಲವೆಂದು ಗೊತ್ತಾದ ಮೇಲೆ ಸೆಂಟಿಮೀಟರು, ಮೀಟರು; ಕೊನೆಗೆ ಕಿಲೋ, ಹೆಕ್ಟೋ, ಡೆಕಾ ಎಂಬ ಬಾಯಿಪಾಠ. ಆರಂಭ ಚೆನ್ನಾಗಿಯೇ ಇದೆ, ನಲಿ-ಕಲಿ ತರಗತಿಗಳಲ್ಲಿ ಮಕ್ಕಳು ಕೈಯಾರೆ ಅಳೆಯುತ್ತಾರೆ. ಮೇಲಿನ ತರಗತಿಗೆ ಹೋದಂತೆ ಅಳೆಯುವುದು ನಿಂತು ಸೊನ್ನೆ ಸೇರಿಸುವುದು ಶುರುವಾಗುತ್ತದೆ. ನನ್ನ ತಕರಾರು ಅಲ್ಲಿ. ಮೂರೂವರೆ ಕಿಲೋಮೀಟರಿಗೆ 3500 ಮೀಟರ್ ಎಂದು ತಟ್ಟನೆ ಬರೆಯುವ ಮಗುವಿಗೆ ತುದಿ ಮುರಿದ ಸ್ಕೇಲು ಕೊಟ್ಟು ನೋಡಬೇಕು. ಪೆನ್ಸಿಲು 3ರಿಂದ 10ರವರೆಗೆ ಇದ್ದರೂ 'ಹತ್ತು' ಎಂದುಬಿಡುವ ಮಕ್ಕಳು ಬಹಳ. ಅಂಕಿ ಓದಲು ಬಂದಿದೆ, ಅಳೆಯಲು ಬಂದಿಲ್ಲ.

ಕಳಸದಂಥ ಕಾಫಿ ಸೀಮೆಯಲ್ಲಿ ಈ ಕೊರತೆ ಎದ್ದು ಕಾಣುತ್ತದೆ, ಏಕೆಂದರೆ ಇಲ್ಲಿ ಅಳತೆಯಿಲ್ಲದೆ ದಿನ ಸಾಗದು. ತೋಟದವರು ಮಳೆ ಬರೆದಿಡುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದಿಂಚು. ಜಮೀನಿಗೆ ನಲವತ್ತು ಗುಂಟೆಯ ಎಕರೆ, ಘಟ್ಟ ಇಳಿದರೆ ನೂರು ಸೆಂಟ್ಸಿನ ಎಕರೆ. ಕಾಫಿ ಧಾರಣೆ 50 ಕೆಜಿ ಮೂಟೆಗೆ. ಚೆರಿಯಾದರೆ ಓಟಿಯೂ ಬೇಕು, ಅಂದರೆ ಆ 50 ಕೆಜಿಯ ಸಿಪ್ಪೆ ಬಿಡಿಸಿದಾಗ ಸಿಗುವ ಬೀಜದ ತೂಕ. ಇವು ಗೇಣಿನ ಹಾಗೆ ಆಳಿಗೊಂದು ಬಗೆಯ ಅಳತೆಗಳಲ್ಲ, ದುಡ್ಡು ಎಣಿಸುವಷ್ಟು ಕರಾರುವಾಕ್ಕಾದವು. ಪಠ್ಯಕ್ರಮ ಮಾತ್ರ ಗೇಣಿಗೂ ಮೀಟರಿಗೂ ನಡುವೆ ಬೇರೇನೂ ಇಲ್ಲವೆಂಬಂತೆ ಹಾರಿಬಿಡುತ್ತದೆ.

1956ರ ಕಾಯ್ದೆಯೇ ದಶಮಾಂಶ ಪದ್ಧತಿ ತಂದಿರುವಾಗ ಇಂಚನ್ನು ತರಗತಿಗೆ ಮತ್ತೆ ಕರೆತರುವುದು ಹಿಂದಕ್ಕೆ ನಡೆದಂತಲ್ಲವೇ ಎನ್ನಬಹುದು. ಮೀಟರಿನ ಹಿರಿಮೆ ಮಕ್ಕಳಿಗೆ ಕಾಯ್ದೆಯಿಂದ ತಿಳಿಯುವುದಿಲ್ಲ, ಲೆಕ್ಕ ಮಾಡಿದಾಗ ತಿಳಿಯುತ್ತದೆ. ಹೂಮಳೆ ಕೈಕೊಟ್ಟ ವರ್ಷ ರೊಬಸ್ಟಾಕ್ಕೆ ಸ್ಪ್ರಿಂಕ್ಲರಿನಲ್ಲಿ ಒಂದಿಂಚು ನೀರು ಕೊಡಬೇಕು. ಎಕರೆಗೆ ಎಷ್ಟು ಲೀಟರು? ಇಂಚು, ಎಕರೆ ಹಿಡಿದು ಹೊರಟರೆ ಏಳನೇ ತರಗತಿಯವರೂ ಬೆವರುತ್ತಾರೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಸರಿಯಾಗಿ ಒಂದು ಲೀಟರು. ಒಂದಿಂಚೆಂದರೆ 25.4 ಮಿಮೀ, ಎಕರೆಯೆಂದರೆ ಸುಮಾರು 4047 ಚದರ ಮೀಟರ್. ಗುಣಿಸಿದರೆ ಲಕ್ಷ ಲೀಟರು ದಾಟುತ್ತದೆ. ಎರಡೂ ದಾರಿಯಲ್ಲಿ ನಡೆದು ನೋಡಿದವರಿಗೆ ಮೀಟರಿನ ಪರ ವಕಾಲತ್ತು ಬೇಕಾಗುವುದಿಲ್ಲ.

ತೋಟಗಳಿಗೆ ದೂರದ ರಾಜ್ಯಗಳಿಂದ ದುಡಿಯಲು ಬಂದವರ ಮಕ್ಕಳಿಗೆ ಗುಂಟೆ ಯಾವ ಊರಿನದು ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ನಿಜ, ಜಮೀನಿಲ್ಲದ ಮನೆಗೆ ಪಹಣಿಯ ಲೆಕ್ಕ ಹೊರಗಿನದು. ಆದರೆ ಕೆಜಿ ಲೆಕ್ಕದಲ್ಲಿ ಕೂಲಿ ಕೊಡುವಲ್ಲಿ ಸಂಜೆ ತಕ್ಕಡಿಗೆ ಬೀಳುವ ಹಣ್ಣಿನ ಚೀಲ ಆ ಮನೆಯ ಅನ್ನವೇ. ಖಾಲಿ ಚೀಲದ ತೂಕವೆಷ್ಟು, ಮಳೆಯಲ್ಲಿ ನೆನೆದ ಹಣ್ಣಿಗೆ ಎಷ್ಟು ಕಳೆಯುವುದು ನ್ಯಾಯ ಎಂದು ಕೇಳಬಲ್ಲ ಮಗುವಿಗೇ ಈ ಪಾಠ ಹೆಚ್ಚು ಬೇಕು.

ಒಬ್ಬರೇ ಟೀಚರು ಮೂರು ತರಗತಿ ನೋಡುವ ಶಾಲೆಯಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ? ಹೆಕ್ಟೋಮೀಟರು, ಡೆಕಾಮೀಟರುಗಳನ್ನು ಬಿಟ್ಟರೆ ಸಿಗುತ್ತದೆ. ಅವನ್ನು ಅಂಗಡಿಯಲ್ಲಾಗಲಿ ಸರ್ವೆಯಲ್ಲಾಗಲಿ ಕೇಳುವವರಿಲ್ಲ. ಮಳೆಮಾಪಕಕ್ಕೂ ನೇರ ಗೋಡೆಯ ಡಬ್ಬಿ, ಸ್ಕೇಲು ಸಾಕು. ಬದಲಾಗಬೇಕಾದ್ದು ಪ್ರಶ್ನೆಪತ್ರಿಕೆ: '25 ಮೀಟರಿಗೆ ಎಷ್ಟು ಸೆಂಟಿಮೀಟರ್' ಎನ್ನುವ ಜಾಗದಲ್ಲಿ 'ಅಗಲ ಬಾಯಿಯ ಡಬ್ಬಿಯಲ್ಲೂ ಕಿರಿದಾದ ಡಬ್ಬಿಯಲ್ಲೂ ಮಳೆ ಒಂದೇ ಎತ್ತರಕ್ಕೆ ನಿಂತದ್ದೇಕೆ' ಎಂದು ಕೇಳಿದರೆ, ಟೀಚರು ಡಬ್ಬಿಯನ್ನು ಅಂಗಳದಲ್ಲಿ ಇಟ್ಟೇ ಇಡುತ್ತಾರೆ.