ಏಳು ಸೇತುವೆಗಳೂ ಎಂಟು ಗಣಗಳೂ

ಗಣಿತವನ್ನು ಲೋಕವ್ಯವಹಾರದ ಉದಾಹರಣೆಗಳಿಂದ ಬೋಧಿಸಬೇಕೆಂಬ ಮತವು ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿ ರಚಿಸಿದ ಗ್ರಂಥಕ್ಕೆ ‘ವ್ಯವಹಾರಗಣಿತ’ವೆಂದೇ ಹೆಸರು. ಈಚಿನ ದಶಕಗಳಲ್ಲಿ ಈ ಮತಕ್ಕೆ ಒದಗಿಬಂದಿರುವ ಸಾಮಗ್ರಿಗಳಲ್ಲಿ ಗ್ರಾಫ್ ಸಿದ್ಧಾಂತವೂ ಒಂದು. ಇಲ್ಲಿ ಗ್ರಾಫ್ ಎಂಬುದು ಚೌಕಳಿ ಕಾಗದದ ಮೇಲೆ ಎಳೆಯುವ ವಕ್ರರೇಖೆಯಲ್ಲ. ಕೆಲವು ಬಿಂದುಗಳು, ಅವುಗಳನ್ನು ಎರಡೆರಡಾಗಿ ಕೂಡಿಸುವ ಗೆರೆಗಳು, ಇಷ್ಟೇ ಅದರ ಸ್ವರೂಪ. ಊರುಗಳನ್ನು ಬಿಂದುಗಳೆಂದೂ ದಾರಿಗಳನ್ನು ಗೆರೆಗಳೆಂದೂ ಭಾವಿಸಿದರೆ ಸಂಚಾರದ ಪ್ರಶ್ನೆಗಳೆಲ್ಲ ಇದರೊಳಗೆ ಬರುವುವು. ಬೀಜಗಣಿತವನ್ನರಿಯದ ಹುಡುಗನಿಗೂ ಇದು ನಿಲುಕುವುದೆಂಬುದು ಇದರ ಪಕ್ಷಪಾತಿಗಳ ಮುಖ್ಯವಾದ ವಾದ.

ಆ ವಾದವು ಸರಿಯಾದುದೇ. ಆದರೆ ಪಾಠವು ನಡೆಯುವ ಕ್ರಮವನ್ನು ವಿಚಾರಿಸಬೇಕಾಗಿದೆ. ಬಹುಮಟ್ಟಿಗೆ ಎಲ್ಲರೂ ಕ್ಯೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳಿಂದಲೇ ಆರಂಭಿಸುವರು. (1946ರಿಂದ ಆ ಪಟ್ಟಣಕ್ಕೆ ಕಲಿನಿನ್‌ಗ್ರಾಡ್ ಎಂದು ಹೆಸರು.) ಪ್ರೇಗೆಲ್ ನದಿಯು ಅಲ್ಲಿ ಒಂದು ದ್ವೀಪವನ್ನು ಬಳಸಿ ಕವಲೊಡೆದು ನೆಲವನ್ನು ನಾಲ್ಕು ಭಾಗಗಳಾಗಿ ಮಾಡಿದ್ದಿತು, ಏಳು ಸೇತುವೆಗಳಲ್ಲಿ ಪ್ರತಿಯೊಂದನ್ನೂ ಒಮ್ಮೆಯೇ, ಒಮ್ಮೆ ಮಾತ್ರವೇ, ದಾಟಿ ತಿರುಗಾಡಬಹುದೇ ಎಂಬುದು ಪ್ರಶ್ನೆ. ಕೂಡಲೆ ನಾಲ್ಕು ಬಿಂದುಗಳೂ ಏಳು ಗೆರೆಗಳೂ ಉಳ್ಳ ಚಿತ್ರವು ಹಲಗೆಯ ಮೇಲೆ ಮೂಡುವುದು; ಬೆಸಸಂಖ್ಯೆಯ ಗೆರೆಗಳು ಸೇರುವ ಬಿಂದುಗಳು ಎರಡಕ್ಕಿಂತ ಹೆಚ್ಚಾದರೆ ಸಂಚಾರವು ಅಸಾಧ್ಯವೆಂಬ ನಿಯಮವು ಅದರ ಕೆಳಗೆ ಇಳಿಯುವುದು; ವಿದ್ಯಾರ್ಥಿಗಳು ಹತ್ತಾರು ಚಿತ್ರಗಳಲ್ಲಿ ಗೆರೆಗಳನ್ನೆಣಿಸಿ ‘ಸಾಧ್ಯ’, ‘ಅಸಾಧ್ಯ’ ಎಂದು ಬರೆಯುವರು. ಬಡ್ಡಿಯ ಲೆಕ್ಕದ ಸೂತ್ರವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಯಾವ ವಿಧದಲ್ಲಿ ಮೇಲು?

ಲೆಯೊನಾರ್ಡ್ ಆಯ್ಲರನ ಮೂಲಪ್ರಬಂಧವನ್ನು ನೋಡಿದರೆ ಈ ಪಾಠದಲ್ಲಿ ಕಳೆದುಹೋದುದು ಏನೆಂಬುದು ತಿಳಿಯುವುದು. 1735ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯಲ್ಲಿ ಮಂಡಿತವಾಗಿ, 1736ನೆಯ ವರ್ಷದ ಸಂಪುಟದಲ್ಲಿ ಸೇರಿ, 1741ರಲ್ಲಿ ಅಚ್ಚಾಗಿ ಬಂದ ಆ ಲ್ಯಾಟಿನ್ ಪ್ರಬಂಧವು 21 ಪರಿಚ್ಛೇದಗಳ ಚಿಕ್ಕ ಬರೆಹ. ಅದರಲ್ಲಿ ಬಿಂದು-ಗೆರೆಗಳ ಚಿತ್ರವೇ ಇಲ್ಲವೆಂಬುದು ಮೊದಲು ಗಮನಿಸತಕ್ಕ ಸಂಗತಿ. ಈ ಸೇತುವೆಗಳಿಗೆ ಆ ಚಿತ್ರವನ್ನು ಬರೆದವನು ಇಂಗ್ಲೆಂಡಿನ ರೌಸ್ ಬಾಲ್. ಅದು 1892ರ ಮಾತು. ಆಯ್ಲರನಲ್ಲಿರುವುದು ಊರಿನ ನಕ್ಷೆ ಮತ್ತು ಅಕ್ಷರಗಳು. ನೆಲದ ಭಾಗಗಳಿಗೆ ಅ, ಬ, ಕ, ಡ ಎಂದು ಹೆಸರಿಟ್ಟುಕೊಳ್ಳಬಹುದು. ಅ ಎಂಬುದು ದ್ವೀಪ. ಅ ದಿಂದ ಬ ಕ್ಕೆ, ಅಲ್ಲಿಂದ ಡ ಕ್ಕೆ ಹೋದವನ ಸಂಚಾರವು ‘ಅಬಡ’ ಎಂಬ ಮೂರಕ್ಷರದ ಶಬ್ದವಾಗುವುದು. ಎರಡು ಸೇತುವೆಗೆ ಮೂರು ಅಕ್ಷರವಾದರೆ ಏಳು ಸೇತುವೆಗೆ ಎಂಟು ಅಕ್ಷರ. ಆ ಎಂಟಕ್ಷರದ ಶಬ್ದವೊಂದು ಇರಬಲ್ಲುದೇ ಎಂಬುದೇ ಈಗ ಪ್ರಶ್ನೆ.

ಒಂದು ಭಾಗಕ್ಕೆ ಒಂದೇ ಸೇತುವೆಯಿದ್ದರೆ, ಅಲ್ಲಿಂದ ಹೊರಟರೂ ಅಲ್ಲಿಗೆ ಬಂದರೂ, ಅದರ ಅಕ್ಷರವು ಶಬ್ದದಲ್ಲಿ ಒಂದು ಸಲ ಬರುವುದು. ಮೂರು ಸೇತುವೆಯಿದ್ದರೆ ಎರಡು ಸಲ, ಐದಿದ್ದರೆ ಮೂರು ಸಲ. ದ್ವೀಪಕ್ಕೆ ಐದು ಸೇತುವೆಗಳು, ಮಿಕ್ಕ ಮೂರು ಭಾಗಗಳಿಗೆ ಮೂರು ಮೂರು. ಅಂತು ಅ ಮೂರು ಸಲವೂ ಬ, ಕ, ಡ ಎರಡೆರಡು ಸಲವೂ ಬಂದೇ ತೀರಬೇಕು, ಮೊತ್ತ ಒಂಬತ್ತು. ಎಂಟು ಅಕ್ಷರದ ಶಬ್ದದಲ್ಲಿ ಒಂಬತ್ತು ಅಕ್ಷರಗಳು ಹಿಡಿಯಲಾರವು. ಎಷ್ಟು ಸಾವಿರ ಸಲ ಪ್ರಯತ್ನಿಸಿದರೂ ಆಗದೆಂಬುದನ್ನು ಒಂದು ಸಲವೂ ಪ್ರಯತ್ನಿಸದೆ ಸಾಧಿಸಿದ ಈ ಯುಕ್ತಿಯೇ ಪ್ರಬಂಧದ ಜೀವಾಳ. ನಿಯಮವು ಆ ಬಳಿಕ ಬರುವುದು. ಪಾಠದಲ್ಲಾದರೋ ನಿಯಮವು ಮುಂದೆ ಬಂದು ಯುಕ್ತಿಯು ಉಳಿದೇ ಹೋಗುವುದು.

ಆಯ್ಲರನು 1736ರಲ್ಲಿ ಡಾನ್‌ಜಿಗ್ ನಗರದ ಮೇಯರನಾದ ಎಹ್ಲರನಿಗೆ ಬರೆದ ಪತ್ರದಲ್ಲಿ, ಈ ಬಗೆಯ ಪರಿಹಾರಕ್ಕೂ ಗಣಿತಕ್ಕೂ ಸಂಬಂಧವು ಅಲ್ಪವೆಂದೂ ಇದು ಕೇವಲ ವಿವೇಚನೆಯನ್ನು ಆಶ್ರಯಿಸಿದ್ದೆಂದೂ ಹೇಳಿದ್ದಾನೆ. ಪಠ್ಯಕಾರರು ಹೊಗಳಿಕೆಯ ಮಾತುಗಳಿಗಿಂತ ಇದನ್ನು ಮುಂದಿಟ್ಟುಕೊಳ್ಳುವುದು ಮೇಲು. ಅವನ ಪ್ರಬಂಧದಲ್ಲಿಯೂ ಒಂದು ಕೊರತೆಯುಂಟು. ಬೆಸ ಭಾಗಗಳು ಎರಡಕ್ಕೆ ಮೀರದಿದ್ದರೆ ಸಂಚಾರವು ನಿಶ್ಚಯವಾಗಿ ಸಿದ್ಧಿಸುವುದೆಂಬುದಕ್ಕೆ ಅಲ್ಲಿ ಪೂರ್ಣವಾದ ಸಾಧನೆಯಿಲ್ಲ. 1873ರಲ್ಲಿ ಪ್ರಕಟವಾದ ಹೀರ್‌ಹೋಲ್ಟ್ಸರನ ಲೇಖನವು ಅದನ್ನು ತುಂಬಿತು.

ಪ್ರಯೋಜನವೆಂಬ ಹೆಸರಿಗೆ ಸೇತುವೆಗಳಿಗಿಂತ ಅಂಚೆಯವನ ಸುತ್ತು ಹೆಚ್ಚು ಯೋಗ್ಯವಾದುದು. ಎಲ್ಲ ಬೀದಿಗಳನ್ನೂ ನಡೆದು ಕಚೇರಿಗೆ ಮರಳುವ ಅತ್ಯಲ್ಪ ದೂರದ ದಾರಿ ಯಾವುದೆಂಬ ಪ್ರಶ್ನೆಯನ್ನು ಚೀನದೇಶದ ಗ್ವಾನ್ ಮೇಯ್‌ಗು 1960ರಲ್ಲಿ ಎತ್ತಿದನು. ಆಯತಾಕಾರದ ಒಂದು ಬಡಾವಣೆ. ಉದ್ದದ ಎರಡು ಬೀದಿಗಳು 200 ಮೀಟರು, ಅಡ್ಡಬೀದಿಗಳು ಎರಡು ಕೊನೆಗಳಲ್ಲೂ ನಡುವೆಯೂ ಸೇರಿ ಮೂರು, ಒಂದೊಂದು 60 ಮೀಟರು ಎಂದಿಟ್ಟುಕೊಂಡರೆ ಒಟ್ಟು 580 ಮೀಟರು. ನಡುಬೀದಿಯ ಎರಡು ತುದಿಗಳು ಮಾತ್ರ ಬೆಸ. ಆದುದರಿಂದ ಆ ಬೀದಿಯೊಂದನ್ನು ಎರಡು ಸಲ ನಡೆಯಲೇಬೇಕು. 640 ಮೀಟರಿಗೆ ಕಡಮೆಯಿಲ್ಲ. ಇಲ್ಲಿ ‘ಅಸಾಧ್ಯ’ವೆಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ; ಎಷ್ಟು ನಷ್ಟವೆಂಬುದನ್ನು ಹೇಳಬೇಕಾಗುವುದು.

ಆಯ್ಲರನ ಅಕ್ಷರಮಾರ್ಗವನ್ನು ಹಿಡಿದ ಅಧ್ಯಾಪಕನಿಗೆ ಪಕ್ಕದ ಕೊಠಡಿಯ ಕನ್ನಡ ತರಗತಿಯಲ್ಲಿಯೇ ಇನ್ನೊಂದು ಉದಾಹರಣೆ ಸಿದ್ಧವಾಗಿದೆ. ಅಕ್ಷರಗಣಗಳನ್ನು ನೆನಪಿಡಲು ವಿದ್ಯಾರ್ಥಿಗಳು ಕಲಿಯುವ ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರವೇ ಅದು. ಎಂಟು ಗಣಗಳನ್ನು ಬೇರೆಬೇರೆಯಾಗಿ ಬರೆದರೆ 24 ಅಕ್ಷರಗಳು. ಸೂತ್ರವು ಹತ್ತರಲ್ಲಿಯೇ ಮುಗಿಸುವುದು. ‘ಯಮಾತಾ’ ಯಗಣ, ‘ಮಾತಾರಾ’ ಮಗಣ. ಹೀಗೆ ಒಂದು ಗಣದ ಕೊನೆಯ ಎರಡಕ್ಷರಗಳೇ ಮುಂದಿನ ಗಣದ ಮೊದಲಿನೆರಡಾಗುವುವು. ಲಘುಲಘು, ಲಘುಗುರು, ಗುರುಲಘು, ಗುರುಗುರು ಎಂಬ ನಾಲ್ಕು ಜೋಡಿಗಳನ್ನು ಊರುಗಳೆಂದು ಎಣಿಸಿದರೆ, ಒಂದೊಂದು ಗಣವೂ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ಏಕಮುಖವಾದ ದಾರಿ. ಮಗಣ ನಗಣಗಳು ಮಾತ್ರ ಹೊರಟ ಊರಿಗೇ ಮರಳುವುವು. ಪ್ರತಿಯೊಂದು ಊರಿಗೂ ಒಳಬರುವ ದಾರಿ ಎರಡು, ಹೊರಡುವ ದಾರಿ ಎರಡು. ಬಂದವನಿಗೆ ಹೊರಡಲು ದಾರಿ ತಪ್ಪುವುದಿಲ್ಲವಾದುದರಿಂದ ಎಂಟೂ ದಾರಿಗಳನ್ನು ಒಂದೊಂದು ಸಲ ನಡೆದು ಮರಳಬಹುದು. ಸೂತ್ರದ ಕೊನೆಯ ‘ಲಗಂ’ ಮೊದಲಿನ ‘ಯಮಾ’ದಂತೆ ಲಘುಗುರುವೇ ಆಗಿರುವುದು ಈ ಮರಳುವಿಕೆಯ ಗುರುತು.

ಇದನ್ನು ಕಂಡು ನಮ್ಮ ಛಂದಶ್ಶಾಸ್ತ್ರಜ್ಞರು ಗ್ರಾಫ್ ಸಿದ್ಧಾಂತವನ್ನು ಬಲ್ಲವರಾಗಿದ್ದರೆಂದು ಸಾರುವುದು ಅವಿಚಾರ. ಒಂದು ಸುತ್ತನ್ನು ಕಂಡುಹಿಡಿಯುವುದು ಬೇರೆ. ಸುತ್ತು ಏಕೆ ಇರಲೇಬೇಕು, ಎಷ್ಟಿರಬಲ್ಲುವು ಎಂದು ತೋರಿಸುವುದು ಬೇರೆ. ಆ ಎಣಿಕೆಯನ್ನು 1894ರಲ್ಲಿ ಫ್ರಾನ್ಸಿನ ಸೇಂತ್-ಮಾರಿಯೂ, ಅದನ್ನರಿಯದೆ 1946ರಲ್ಲಿ ಹಾಲೆಂಡಿನ ಡಿ ಬ್ರೋಯ್ನನೂ ಮಾಡಿದರು. ಸೂತ್ರದ ಅಧಿಕಾರವೂ ಅಕ್ಷರಗಣಗಳಿಗಷ್ಟೆ. ಕನ್ನಡದ ದೇಶೀಯವಾದ ಬ್ರಹ್ಮ, ವಿಷ್ಣು, ರುದ್ರಗಣಗಳಿಗೆ ಅದು ಸಲ್ಲದು. ರುದ್ರಟನ ಕಾವ್ಯಾಲಂಕಾರದ ತುರಗಪದಬಂಧವನ್ನೂ ಇದರೊಡನೆ ಬೆರಸಬಾರದು. ಕುದುರೆಯು ಅಲ್ಲಿ ಪ್ರತಿಯೊಂದು ಮನೆಯನ್ನು ಒಮ್ಮೆ ಮೆಟ್ಟುವುದು, ಅಂದರೆ ಬಿಂದುಗಳನ್ನೇ ಹೊರತು ಗೆರೆಗಳನ್ನಲ್ಲ. ಅಂಥ ಸಂಚಾರಕ್ಕೆ ಬೆಸ-ಸರಿಗಳಷ್ಟು ಸುಲಭವಾದ ಪರೀಕ್ಷೆಯು ದೊರೆತಿಲ್ಲ.

ಎಣಿಕೆಯ ಫಲವು ಸ್ವಾರಸ್ಯವಾಗಿದೆ. ಹತ್ತಕ್ಷರಗಳನ್ನು ಎಂಟರ ವರ್ತುಲವಾಗಿ ಸುತ್ತಿದರೆ ಅಂಥ ವರ್ತುಲಗಳು ಎರಡೇ. ಒಂದು ಇನ್ನೊಂದರ ಹಿನ್ನಡೆ. ಆ ಎರಡನೆಯದನ್ನು ಹುಡುಕುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಡಬಹುದು. ಸೂತ್ರದ ಲಘುಗುರುಗಳನ್ನು ಕೊನೆಯಿಂದ ಮೊದಲಿಗೆ ಬರೆದು ಗಣಗಳ ಹೆಸರನ್ನು ತುಂಬಿದರೆ ‘ಭಾನಸಜರಾಯಮಾತಾಗಾಲ’ ಎಂದಾಗುವುದು. ಭಗಣದಿಂದ ತಗಣದವರೆಗೆ ಎಂಟೂ ಇದರಲ್ಲಿ ತಪ್ಪದೆ ದೊರೆಯುವುವು. ಆದರೆ ಇದು ಲಘುವಿನಲ್ಲಿ ಮುಗಿಯುವುದು. ಪಾದಾಂತದ ಲಘುವನ್ನು ಗುರುವೆಂದು ಎಣಿಸುವ ರೂಢಿಯುಳ್ಳವನು ಇಲ್ಲಿ ತಗಣವನ್ನು ಮಗಣವೆಂದು ಓದಿ ಎಡವುವನು. ‘ಗಂ’ ಎಂದು ಮುಗಿಯುವ ಹಳೆಯ ಸೂತ್ರದಲ್ಲಿ ಆ ಸಂಶಯಕ್ಕೆ ಎಡೆಯಿಲ್ಲ.