ಹೆಲ್ಮೆಟ್ ಆಯಿತು, ಇನ್ನು ಬೂಟು

ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ಕಡೆ ಹೊರಟ ಬೈಕುಗಳನ್ನು ಗಮನಿಸಿ. ಸವಾರರ ತಲೆಗೆ ದುಬಾರಿ ಹೆಲ್ಮೆಟ್, ಮೈಗೆ ಆರ್ಮರ್ ಇರುವ ಜಾಕೆಟ್, ಕೈಗೆ ಗ್ಲೌಸ್ ಇರುತ್ತವೆ. ಕಾಲಿನತ್ತ ನೋಡಿದರೆ ಮಾತ್ರ ಜಾಗಿಂಗ್ ಶೂ, ಎಷ್ಟೋ ಸಲ ಸ್ಯಾಂಡಲ್. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದೆ, ಕಾಲಿನ ಕಾಳಜಿಯನ್ನು ನಮ್ಮ ವಿವೇಕಕ್ಕೇ ಬಿಟ್ಟಿದೆ. ಹೆಲ್ಮೆಟ್ ಆದ ಮೇಲೆ ಎರಡನೆಯದಾಗಿ ಕೊಳ್ಳಬೇಕಾದ್ದು ಬೂಟು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೈಕ್ ಜಾರಿ ಪಕ್ಕಕ್ಕೆ ಬಿದ್ದಾಗ ಸುಲಭವಾಗಿ ಸಿಕ್ಕಿಕೊಳ್ಳುವುದು ಕಾಲು. ಕೆಳಗೆ ರಸ್ತೆ, ಪಕ್ಕದಲ್ಲಿ ಫುಟ್‌ರೆಸ್ಟ್, ಮೇಲೆ ನೂರೈವತ್ತು-ಇನ್ನೂರು ಕಿಲೋ ಲೋಹ. ಒಂದೊಂದು ಪಾದದಲ್ಲಿ 26 ಮೂಳೆಗಳಿವೆ, ಇಡೀ ಮೈಯ ಭಾರ ಹೊರುವುದು ಅವೇ. ಹಾಗಾಗಿ ಕೈ ಮುರಿದವರು ಓಡಾಡಿಕೊಂಡಿರಬಹುದು, ಪಾದ ಮುರಿದವರು ಮೂಲೆಗೆ ಬೀಳುತ್ತಾರೆ. ಆಸ್ಟ್ರೇಲಿಯಾದ ಲಿಜ್ ಡಿ ರೋಮ್ ಮತ್ತು ಸಂಗಡಿಗರು ಅಪಘಾತಕ್ಕೀಡಾದ 212 ಸವಾರರ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರಕ್ಷಾಕವಚ ಇರುವ ಬೂಟು ತೊಟ್ಟವರಲ್ಲಿ ಪಾದ, ಕಣಕಾಲಿನ ಗಾಯದ ಸಂಭವ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ನನ್ನ ಗಮನ ಸೆಳೆದದ್ದು ಇನ್ನೊಂದು ಅಂಶ: ಬೈಕಿಗೆಂದೇ ಮಾಡಿರದ ಬೂಟು ತೊಟ್ಟವರಿಗೂ ಶೂ ತೊಟ್ಟವರಿಗಿಂತ ಗಾಯದ ಸಂಭವ ಅಷ್ಟೇ ಕಡಿಮೆ ಇತ್ತು. ಕೈಯಲ್ಲಿ ಹಣವಿಲ್ಲದ ಹುಡುಗರಿಗೆ ಇದು ದೊಡ್ಡ ಧೈರ್ಯ.

ಅಂಗಡಿಗೆ ಹೋದಾಗ ಬೂಟನ್ನು ಕಾಲಿಗೆ ಹಾಕುವ ಮುಂಚೆ ಕೈಗೆ ತೆಗೆದುಕೊಳ್ಳಿ. ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಮುಂತುದಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಜಾಗಿಂಗ್ ಶೂ ಸಲೀಸಾಗಿ ತಿರುಗಿಕೊಳ್ಳುತ್ತದೆ, ಒಳ್ಳೆಯ ಬೂಟು ಬಗ್ಗುವುದಿಲ್ಲ. ಅಟ್ಟೆಯೊಳಗೆ ಶ್ಯಾಂಕ್ ಎಂಬ ಉಕ್ಕಿನ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿ ಇರುತ್ತದೆ. ಅದು ಇಲ್ಲದಿದ್ದರೆ ಕಚ್ಚಾ ರಸ್ತೆಯಲ್ಲಿ ಎದ್ದು ನಿಂತು ಓಡಿಸುವಾಗ ಫುಟ್‌ರೆಸ್ಟ್ ಅಂಗಾಲಿಗೆ ನಾಟುತ್ತದೆ. ಆಮೇಲೆ ಅಟ್ಟೆಯ ಅತಿ ಅಗಲದ ಜಾಗವನ್ನು ಎರಡು ಅಂಗೈಗಳ ನಡುವೆ ಅದುಮಿ ನೋಡಿ. ಬರಿಗೈಯ ಒತ್ತಡಕ್ಕೇ ಮಡಚಿಕೊಳ್ಳುವ ಅಟ್ಟೆ ಬೈಕಿನ ಭಾರಕ್ಕೆ ಏನಾದೀತು? ಕೊನೆಗೆ ಕಣಕಾಲಿನ ಗಂಟು ಬರುವಲ್ಲಿ ಹೆಬ್ಬೆರಳಿನಿಂದ ಒತ್ತಿ. ಒಳಗೆ ಗಡುಸಾದ ಕವಚ ತಾಗಬೇಕು, ಅದೂ ಎರಡು ಬದಿಗೆ. ಹೊರಬದಿಗೆ ಮಾತ್ರ ಕವಚವಿಟ್ಟು ಒಳಬದಿಯನ್ನು ಮೆತ್ತಗೆ ಬಿಟ್ಟ ಬೂಟುಗಳಿವೆ. ಬಿದ್ದಾಗ ಎಂಜಿನ್ನಿಗೆ ಬಡಿಯುವುದು ಆ ಒಳಗಂಟೇ.

ಕೈಗೆ ತಿಳಿಯದ್ದನ್ನು ನಾಲಿಗೆಯ ಒಳಗೋ ಅಂಚಿನಲ್ಲೋ ಹೊಲಿದ ಲೇಬಲ್ ಹೇಳುತ್ತದೆ. ಮೋಟಾರ್‌ಸೈಕಲ್ ಬೂಟಿಗೆಂದೇ ಯುರೋಪಿನಲ್ಲಿ ಇಎನ್ 13634 ಎಂಬ ಮಾನದಂಡವಿದೆ. ಅದರ 2017ರ ಆವೃತ್ತಿಯ ಪ್ರಕಾರ ಬೈಕ್ ಸವಾರನ ಚಿತ್ರದ ಕೆಳಗೆ ನಾಲ್ಕು ಅಂಕಿಗಳಿರುತ್ತವೆ, ಪ್ರತಿಯೊಂದೂ 1 ಅಥವಾ 2. ಮೊದಲನೆಯದು ಬೂಟಿನ ಎತ್ತರ, ಎರಡನೆಯದು ರಸ್ತೆಯ ಉಜ್ಜಾಟ ತಾಳುವ ಶಕ್ತಿ, ಮೂರನೆಯದು ಹರಿತದ ಏಟು ತಾಳುವ ಶಕ್ತಿ, ನಾಲ್ಕನೆಯದು ನಾವು ಅಂಗೈಯಲ್ಲಿ ಅದುಮಿ ನೋಡಿದ ಆ ಅಡ್ಡ ಬಿಗಿ. ನಾನು ಮೊದಲು ನೋಡುವುದು ನಾಲ್ಕನೆಯದನ್ನು. ಐಪಿಎ ಎಂದಿದ್ದರೆ ಕಣಕಾಲಿನ ಕವಚವೂ ಪರೀಕ್ಷೆಯಲ್ಲಿ ಗೆದ್ದಿದೆ ಎಂದರ್ಥ, ಡಬ್ಲ್ಯುಆರ್ ಎಂದಿದ್ದರೆ ನೀರು ತಡೆಯುತ್ತದೆ. ರೈಡಿಂಗ್ ಶೂ ಎಂದು ಬರೆದಿದ್ದೂ ಈ ಗುರುತಿಲ್ಲದಿದ್ದರೆ ಅಂಗಡಿಯವರನ್ನು ಸಂಕೋಚವಿಲ್ಲದೆ ಕೇಳಿ.

ಅಳತೆಯ ವಿಷಯದಲ್ಲಿ ನಾವು ಸ್ವಲ್ಪ ಎಚ್ಚರವಾಗಿರಬೇಕು. ಈ ಬೂಟುಗಳ ದೊಡ್ಡ ಹೆಸರುಗಳೆಲ್ಲ ಹೆಚ್ಚಾಗಿ ಇಟಲಿಯ ಮೊಂಟೆಬೆಲ್ಲೂನಾ, ಅಸೋಲೊ ಸುತ್ತಿನವು. ಬೆಟ್ಟ ಹತ್ತುವವರಿಗೆ ಬೂಟು ಹೊಲಿಯುತ್ತಿದ್ದ ಸೀಮೆ ಅದು. ಸಾಂತೆ ಮಜ್ಜಾರೊಲೊ 1963ರಲ್ಲಿ ಅಸೋಲೊದಲ್ಲಿ ಕಟ್ಟಿದ ಆಲ್ಪೈನ್‌ಸ್ಟಾರ್ಸ್ ಕೂಡ ಚಾರಣದ ಬೂಟಿನಿಂದಲೇ ಶುರುವಾಗಿ ಮೋಟೊಕ್ರಾಸ್‌ಗೆ ಬಂದದ್ದು. ಕೆಲಸಗಾರಿಕೆಗೆ ನಾನು ಮನಸೋತಿದ್ದೇನೆ, ಆದರೆ ಅವುಗಳ ಅಚ್ಚು ನಮ್ಮ ಕಾಲಿಗೆ ಎಷ್ಟೋ ಸಲ ಕಿರಿದು. ಭಾರತದ ಬರಿಗಾಲ ನಡಿಗೆಯವರ ಪಾದಗಳನ್ನು ಅಳೆದು ಬೆಲ್ಜಿಯಂನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಆ ಪಾದಗಳು ಶೂ ತೊಟ್ಟವರ ಪಾದಗಳಿಗಿಂತ ಅಗಲ ಎಂದಿದೆ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದವರು ಕಿರುಬೆರಳಿನ ಮಾತು ಕೇಳಬೇಕು. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಸವಾರಿಯ ಸಾಕ್ಸ್ ಹಾಕಿಕೊಂಡೇ ಹೋಗಿ. ಬೆರಳ ಮುಂದೆ ಒಂದು ಸೆಂಟಿಮೀಟರ್ ಜಾಗ ಸಾಕು. ನಡೆದಾಗ ಹಿಮ್ಮಡಿ ಮೇಲೇಳಬಾರದು. ಉದ್ದದಲ್ಲಿ ಸರಿಯಿದ್ದು ಅಗಲದಲ್ಲಿ ಬಿಗಿಯಿದ್ದರೆ ಒಂದು ಸೈಜ್ ದೊಡ್ಡದು ಕೊಳ್ಳಬೇಡಿ, ಬೇರೆ ಕಂಪನಿಯದು ನೋಡಿ.

ಇನ್ನು ಗೇರ್ ಲಿವರ್. ಹೊಸ ಬೂಟು ಕೊಂಡು ವಾರಕ್ಕೇ ಮಾರಲು ಹೊರಟವರ ದೂರು ಬಹುಪಾಲು ಒಂದೇ: ಕಾಲು ಲಿವರ್ ಕೆಳಗೆ ಹೋಗುತ್ತಿಲ್ಲ, ಗೇರ್ ಎತ್ತಲು ಆಗುತ್ತಿಲ್ಲ. ತಪ್ಪು ಬೂಟಿನದಲ್ಲ. ಬೂಟಿನ ಮುಂಭಾಗ ಶೂಗಿಂತ ದಪ್ಪ, ಆದರೆ ಲಿವರ್ ಹಿಂದೆ ಎಲ್ಲಿತ್ತೋ ಅಲ್ಲೇ ಇದೆ. ಹೆಚ್ಚಿನ ಬೈಕುಗಳಲ್ಲಿ ಲಿವರ್ ಕೂತಿರುವುದು ಹಲ್ಲುಹಲ್ಲಾದ ಒಂದು ಶಾಫ್ಟಿನ ಮೇಲೆ. ಬೋಲ್ಟ್ ಬಿಚ್ಚಿ, ಲಿವರ್ ಎಳೆದು, ಒಂದು ಹಲ್ಲು ಮೇಲಕ್ಕೆ ಕೂರಿಸಿ ಬಿಗಿದರೆ ಮುಗಿಯಿತು. ಲಿವರ್‌ಗೂ ಶಾಫ್ಟಿಗೂ ನಡುವೆ ಕಡ್ಡಿ ಇರುವ ಬೈಕಾದರೆ ಎರಡು ಲಾಕ್‌ನಟ್ ಸಡಿಲಿಸಿ ಕಡ್ಡಿ ತಿರುಗಿಸಬೇಕು. ಯಾವ ಮೆಕ್ಯಾನಿಕ್ಕೂ ಹತ್ತು ನಿಮಿಷದಲ್ಲಿ ಮಾಡಿಕೊಡುವ ಕೆಲಸ. ಬಲಗಾಲಿನ ಬ್ರೇಕ್ ಪೆಡಲ್ಲನ್ನೂ ಅದೇ ಹೊತ್ತಿಗೆ ಹೊಂದಿಸಿಕೊಳ್ಳಿ, ಇಲ್ಲವಾದರೆ ದಪ್ಪ ಅಟ್ಟೆ ಗೊತ್ತಿಲ್ಲದೆ ಪೆಡಲ್ ಒತ್ತಿಕೊಂಡಿರುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ ಇನ್ನೂ ಒಂದು ಮಾತು. ಅವುಗಳಲ್ಲಿ ಒಂದೇ ಲಿವರ್ ಕಿಕ್ಕರ್ರೂ ಹೌದು, ಗೇರೂ ಹೌದು. ಅಟ್ಟೆಗೆ ಹಿಡಿತವಿಲ್ಲದಿದ್ದರೆ ಜಾರಿದ ಕಿಕ್ಕರ್ ನೇರ ಮೊಳಕಾಲ ಕೆಳಗಿನ ಎಲುಬಿಗೆ ಬಡಿಯುತ್ತದೆ. ಹೊಸ ಬೂಟು ತೊಟ್ಟು ದೂರದ ಪ್ರಯಾಣಕ್ಕೆ ಹೊರಡುವ ಮುಂಚೆ ಮನೆಯ ಸುತ್ತಮುತ್ತ ಕೆಲವು ದಿನ ಓಡಿಸಿ.

ಲೇಸ್ ಇರುವ ಬೂಟಾದರೆ ಗಂಟನ್ನು ಮುಚ್ಚುವ ಪಟ್ಟಿಯೂ ಇರಬೇಕು. ಲೇಸ್ ಕುಣಿಕೆ ಫುಟ್‌ರೆಸ್ಟಿಗೆ ಸಿಕ್ಕಿದರೆ ಸಿಗ್ನಲ್ಲಿನಲ್ಲಿ ಕಾಲು ನೆಲಕ್ಕೆ ಬರುವುದಿಲ್ಲ. ಕಾರ್ಖಾನೆಯ ಸ್ಟೀಲ್ ಟೋ ಸೇಫ್ಟಿ ಶೂ ಸಾಲದೇ ಎಂದು ಕೇಳುವವರಿದ್ದಾರೆ. ಕಣಕಾಲು ಮುಚ್ಚುವಂಥದ್ದಾದರೆ ತಾತ್ಕಾಲಿಕಕ್ಕೆ ಸಾಕು. ಉಕ್ಕು ಬೆರಳನ್ನು ಉಳಿಸುತ್ತದೆ, ಆದರೆ ಗೇರಿನ ಸ್ಪರ್ಶ ಸಿಗುವುದಿಲ್ಲ, ಕಣಕಾಲು ಹೊರಳುವುದನ್ನೂ ಅದು ತಡೆಯದು.

ಮಳೆಗಾಲದಲ್ಲಿ ಚಾರ್ಮಾಡಿ, ಆಗುಂಬೆ ಹತ್ತಿ ಇಳಿಯುವವರು ನೀರು ತಡೆಯುವ ಪೊರೆ ಇರುವ ಬೂಟನ್ನೇ ಕೊಳ್ಳಿ. ಮಳೆ ಪ್ಯಾಂಟ್ ಬೂಟಿನ ಮೇಲೆ ಇಳಿದಿರಲಿ. ಒಳಗೆ ಸಿಕ್ಕಿಸಿದರೆ ನೀರು ಪ್ಯಾಂಟಿನಗುಂಟ ಬೂಟಿನೊಳಕ್ಕೆ ಹರಿಯುತ್ತದೆ, ಹೊರಗಿನ ನೀರನ್ನು ತಡೆಯುವ ಅದೇ ಪೊರೆ ಒಳಗಿನ ನೀರನ್ನು ಹೊರಬಿಡುವುದೂ ಇಲ್ಲ. ಒದ್ದೆ ಬೂಟಿಗೆ ಹಳೆಯ ಪೇಪರ್ ತುರುಕಿ ನೆರಳಲ್ಲಿ ಆರಿಸಿ. ಒಲೆಯ ಪಕ್ಕ ಇಟ್ಟ ಚರ್ಮ ಬಿರಿಯುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಓಡಿಸುವವರಿಗೆ ಆ ಪೊರೆ ಬೇಡ, ಗಾಳಿಯಾಡುವ ಚರ್ಮದ ಬೂಟೇ ವಾಸಿ. ಸೆಕೆಗೆ ಬೇಸತ್ತು ಮನೆಯಲ್ಲಿ ಬಿಟ್ಟುಬಂದ ಬೂಟು ಯಾರ ಕಾಲನ್ನೂ ಕಾಯದು.

ದಿನಾ ಆಫೀಸಿಗೂ ವಾರಾಂತ್ಯದ ಸವಾರಿಗೂ ಒಂದೇ ಜೋಡಿ ಸಾಕೆನ್ನುವವರು ಮೊಳಕಾಲವರೆಗಿನ ರೇಸಿಂಗ್ ಬೂಟಿನ ಹೊಳಪಿಗೆ ಮರುಳಾಗಬೇಡಿ. ಕಣಕಾಲು ದಾಟುವ, ಲೇಬಲ್ ಇರುವ, ಇಡೀ ದಿನ ನಡೆಯಬಹುದಾದ ಗಿಡ್ಡ ಬೂಟು ಆರಿಸಿ. ಹಾಗೆಯೇ ಹಿಂದಿನ ಸೀಟಿನವರ ಕಾಲನ್ನೂ ಒಮ್ಮೆ ನೋಡಿ. ಅವರೂ ಅದೇ ಬೈಕಿನಿಂದ ಅದೇ ರಸ್ತೆಗೆ ಬೀಳುವವರು. ಹಣ ಹೊಂದಿಸುವಾಗ ಎರಡು ಜೋಡಿಗೆ ಹೊಂದಿಸಿ.